ಅಜ್ಜಿಯ ಒಂದು ನಿಮಿಷ

ಬೋರ್ಡಕ್ಕನ ಕೈ ಬಂಗಾರ, ಬಾಯಿ ಮಾತ್ರ ಖಾರ. ಹದಿನೆಂಟು ವರ್ಷ ವಾಷಿಂಗ್ ಮಿಷಿನ್ ಕಂಪನಿಯೊಂದರಲ್ಲಿ ರಿಪೇರಿ ಮಾಡಿದವಳು. ಅಲ್ಲಿ ಕಲಿಸಿದ ಮಂತ್ರ ಒಂದೇ: "ಬೋರ್ಡ್ ಹೋಗಿದೆ, ಹೊಸ ಮಿಷಿನ್ನೇ ತಗೊಳ್ಳಿ." ಮೋಟಾರು ಗಟ್ಟಿ, ಡ್ರಮ್ಮು ಗಟ್ಟಿ; ಅವನ್ನು ನಡೆಸುವ ಅಂಗೈಯಗಲದ ಬೋರ್ಡು ಸತ್ತಿತೆಂದು ಇಡೀ ಮಿಷಿನ್ನು ಗುಜರಿಗೆ! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು ಎಂದು ಸಿಡುಕಿ ಒಂದು ದಿನ ಕೆಲಸ ಬಿಟ್ಟಳು.

ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಇಂಥ ಬೋರ್ಡಿನ ನಕ್ಷೆ, ಪ್ರೋಗ್ರಾಮು ಎರಡನ್ನೂ ಎಲ್ಲರಿಗೂ ಬಿಚ್ಚಿಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದವರು ಏಕೆ ತಿದ್ದಿದೆವೆಂದು ಒಂದು ಸಾಲು ಬರೆದಿಡಬೇಕು. ಅದನ್ನು ನೋಡಿಕೊಂಡೇ ಅವಳು ತನ್ನ ಅಡುಗೆಮನೆಯ ಮೇಜಿನ ಮೇಲೆ ಬೋರ್ಡು ಕಟ್ಟತೊಡಗಿ, ಜನರ ಬಾಯಲ್ಲಿ ಬೋರ್ಡಕ್ಕನಾದಳು.

ಹಿಂದಿನ ಬೀದಿಯ ಅಜ್ಜಿಗೆ ಕಣ್ಣು ಕಾಣದು. ಆದರೂ ತನ್ನ ಬಟ್ಟೆ ತಾನೇ ಒಗೆಯಬೇಕು, ಹಟವೆಂದರೆ ಹಟ. ಹಳೆಯ ಮಿಷಿನ್ನಿನ ಗುಂಡಿ ತಿರುಗಿಸಿ, ಟಕ್ ಟಕ್ ಎಣಿಸಿಯೇ ಒಗೆಯುತ್ತಿದ್ದಳು. ಅದರ ಬೋರ್ಡು ಸುಟ್ಟಿತು. ಈಗ ಅಂಗಡಿಯಲ್ಲಿ ಸಿಗುವವೆಲ್ಲ ಗುಂಡಿಯಿಲ್ಲದ ನುಣ್ಣನೆ ಗಾಜಿನವು, ಮುಟ್ಟಿದರೆ ಏನೂ ತಿಳಿಯದು. "ಹೊಸದು ತಂದು ನಾನೇ ಒಗೀತೀನಮ್ಮಾ" ಎಂದಳು ಮಗಳು. ಅಜ್ಜಿ ಅಂದು ಊಟವನ್ನೇ ಬಿಟ್ಟಳು.

ಬೋರ್ಡಕ್ಕ ಬಂದಳು. ಹಳೆಯ ಗುಂಡಿ ಉಳಿಸಿಕೊಂಡು ಒಳಗೆ ತನ್ನ ಬೋರ್ಡು ಕೂರಿಸಿದಳು. ಹಳೆಯ ಬೋರ್ಡು ನೀರು ಹೊರಹಾಕುವ ಮುಂಚೆ ಎರಡು ಸಲ ಟಕ್ಕೆಂದು, ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿತ್ತು. ಆ ಸೋಮಾರಿತನ ಯಾಕೆಂದು ಪ್ರೋಗ್ರಾಮಿನಿಂದ ಕಿತ್ತೆಸೆದಳು.

ಮೊದಲ ಒಗೆತಕ್ಕೇ ಬಚ್ಚಲ ತುಂಬ ನೊರೆನೀರು! ಪೈಪು ಮೋರಿಯಿಂದ ಜಾರಿ ಬಿದ್ದಿತ್ತು. ನೀರು ಹಜಾರಕ್ಕೂ ನುಗ್ಗಿತು.

"ನೋಡಿದ್ರಾ ಅಕ್ಕಾ? ಇದಕ್ಕೇ ನಾನು ಬೇಡ ಅಂದಿದ್ದು," ಎಂದಳು ಮಗಳು, ಸೀರೆ ಎತ್ತಿಕಟ್ಟಿ ನೀರು ಗುಡಿಸುತ್ತ.

"ಪೈಪ್ ಜಾರಿದ್ರೆ ನನ್ನ ಬೋರ್ಡ್ ಏನ್ ಮಾಡತ್ತೆ?" ಬೋರ್ಡಕ್ಕ ರೇಗಿದಳು.

ಅಜ್ಜಿ ಗೋಡೆ ತಡವುತ್ತ ಹತ್ತಿರ ಬಂದಳು. "ಅದು ದಿನಾ ಜಾರತ್ತೆ ಕಣೇ. ಟಕ್ ಟಕ್ ಅಂದ ತಕ್ಷಣ ನಾನು ಗೋಡೆ ಹಿಡ್ಕೊಂಡು ಬಂದು, ಪೈಪ್ ಮುಟ್ಟಿ ಸರಿ ಮಾಡ್ತಿದ್ದೆ. ಇವತ್ತು ಅದು ನನ್ನ ಕರೀಲೇ ಇಲ್ಲ."

ಬೋರ್ಡಕ್ಕನ ಎಲ್ಲ ಬಲ್ಲೆನೆಂಬ ಜಂಬ ಆ ನೊರೆನೀರಿನಲ್ಲೇ ಕೊಚ್ಚಿಹೋಯಿತು. ನೆನೆದ ನೆಲದಲ್ಲೇ ಸ್ಟೂಲು ಹಾಕಿಕೊಂಡು ಪ್ರೋಗ್ರಾಮು ತಿದ್ದಿದಳು. ಎರಡು ಟಕ್, ಒಂದು ನಿಮಿಷ. ಏಕೆ ಎಂಬಲ್ಲಿ ಬರೆದಳು: "ಕಣ್ಣು ಕಾಣದ ಅಜ್ಜಿ ಬಂದು ಪೈಪು ಮುಟ್ಟಿ ನೋಡಬೇಕು. ದಯವಿಟ್ಟು ಯಾರೂ ತೆಗೆಯಬೇಡಿ." ಪೈಪಿಗೊಂದು ಕೊಕ್ಕೆಯನ್ನೂ ಹೊಡೆದಳು. ಅಜ್ಜಿ ಆಮೇಲೂ ದಿನಾ ಮುಟ್ಟಿ ನೋಡುವುದನ್ನು ಬಿಡಲಿಲ್ಲ.

ನಾಲ್ಕು ತಿಂಗಳ ಮೇಲೆ ಇಂಟರ್ನೆಟ್ಟಿನಲ್ಲಿ ಆ ಸಾಲಿನ ಕೆಳಗೆ ಯಾವುದೋ ದೂರದೇಶದವನೊಬ್ಬ ಬರೆದಿದ್ದ. ಬೋರ್ಡಕ್ಕ ಓಡಿಬಂದು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದಳು: "ನಮ್ಮಮ್ಮನಿಗೂ ಕಣ್ಣು ಕಾಣಲ್ಲ. ಇದನ್ನ ಹಾಕಿದ ಮೇಲೆ ಮತ್ತೆ ತಾವೇ ಒಗೀತಿದಾರೆ. ಆದರೆ ಒಂದು ನಿಮಿಷ ಸಾಲದು, ಎಲ್ಲಿ ತಿದ್ದಲಿ?"

ಅಜ್ಜಿ ಮಿಷಿನ್ನಿನ ಮುಚ್ಚಳದ ಮೇಲೆ ಕೈಯಾಡಿಸಿದಳು.

"ಪಾಪ, ಮಂಡಿನೋವಿರಬೇಕು ಅವಳಿಗೆ. ಎರಡು ನಿಮಿಷ ಕೊಡು ಅನ್ನು," ಎಂದಳು. "ನಿಧಾನವಾಗಿ ಬರಲಿ."