ಮಾಜಿವಾಡಾ ಗೋಡೆಯ ಜರಿಗಿಡ

ನನ್ನ ಹೆಂಡತಿ ರಮಿತಾಳ ಜೊತೆ ಲೋಕಲ್ ಹಿಡಿಯುವುದೆಂದರೆ ದೊಡ್ಡ ತಲೆನೋವು ಮಾರಾಯ್ರೆ. ಗಾಡಿ ಬರುತ್ತಿರುತ್ತದೆ, ಇವಳು ಪ್ಲಾಟ್‌ಫಾರ್ಮಿನ ಕೊನೆಯ ಪಾಚಿಗೋಡೆಯೆದುರು ಕೂತು ಎಲೆ ಮಗುಚಿ ನೋಡುತ್ತಿರುತ್ತಾಳೆ. ಕಲ್ಯಾಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ, ಉಳಿದ ಹೊತ್ತೆಲ್ಲ ಪಿಎಚ್‌ಡಿ. ವಿಷಯ ಜರಿಗಿಡ. ಹೂವಿಲ್ಲ, ಕಾಯಿಲ್ಲ! "ಪೈನ್ ಮರ ಹುಟ್ಟುವ ಮೊದಲೇ ಇವು ಇದ್ದವು, ಗೊತ್ತುಂಟಾ?" ಎಂದು ನನಗೇ ಜೋರು ಮಾಡುತ್ತಾಳೆ. ಯಾವುದು ಯಾವುದರಿಂದ ಕವಲೊಡೆಯಿತು ಎಂದು ವಂಶ ಹುಡುಕುವುದು ಅವಳ ಕೆಲಸ. ರಬಾಳೆಯಲ್ಲಿ ಕ್ಯಾಂಟೀನ್ ನಡೆಸುವ ನನಗೆ ಅಜ್ಜನ ಅಪ್ಪನ ಹೆಸರೇ ಗೊತ್ತಿಲ್ಲ.

ಠಾಣೆಯ ಮಾಜಿವಾಡಾದ ಒಂದು ಚರಂಡಿಗೋಡೆಯಿಂದ ಅವಳು ಒಂದು ಗಿಡ ಕಿತ್ತು ತಂದಿದ್ದಳು. ಆಮೇಲೆ ಆ ಗೋಡೆ ರಸ್ತೆ ಕೆಲಸಕ್ಕೆ ಹೋಯಿತು. ಎಲೆ ನೋಡಿದರೆ ಗಿಡ ಒಂದು ಕುಲದ್ದು, ಡಿಎನ್‌ಎ ನೋಡಿದರೆ ಇನ್ನೊಂದು. ಎಲೆಯಡಿ ಬೀಜಕಣ, ಅಂದರೆ ಜರಿಗೆ ಬೀಜದ ಬದಲಿರುವ ಪುಡಿ, ಬಲಿತರೆ ಮಾತ್ರ ತೀರ್ಮಾನ. ಪ್ರಬಂಧದ ಕೊನೆಯ ಅಧ್ಯಾಯ ಅದಕ್ಕೇ ಕಾಯುತ್ತಿತ್ತು. ಡೊಂಬಿವಲಿ ಎಂಐಡಿಸಿ ಬಡಾವಣೆಯ ನಮ್ಮ ಮನೆಯ ಗ್ಯಾಲರಿಯಲ್ಲಿ ಮರಿ ಹಾಕಿದ ಬೆಕ್ಕಿನ ಹಾಗೆ ಅದರ ಸುತ್ತ ತಿರುಗುತ್ತಿದ್ದಳು. ಊಟದ ನಡುವೆಯೂ ಎದ್ದು ಹೋಗುವುದು, ಕೂತಲ್ಲಿ ಕೂರಲಿಕ್ಕಿಲ್ಲ. ಈ ಮಳೆಗಾಲದಲ್ಲಿ ಕೊನೆಗೂ ಕಂದು ಚುಕ್ಕಿ ಮೂಡಿದವು. ಇನ್ನು ಸ್ವಲ್ಪ ಬಲಿಯಬೇಕಿತ್ತು, ಅಷ್ಟೆ.

ನನ್ನ ಅಮ್ಮ ಬಾಗಿಯದ್ದೂ ಅದೇ ಗ್ಯಾಲರಿಯಲ್ಲಿ ಒಂದು ಶಂಕರಪುರ ಮಲ್ಲಿಗೆ ಉಂಟು, ಉಡುಪಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದದ್ದು. ಜರಿಯ ಎಲೆಯಡಿ ಸಾಲು ಚುಕ್ಕಿ ಕಂಡದ್ದೇ ತಡ, ಅಮ್ಮ ಮಲ್ಲಿಗೆಯ ಕುಂಡವನ್ನು ಆಚೆ ಎಳೆದರು. ಹುಳ! ಮಲ್ಲಿಗೆಗೆ ಹತ್ತಿದರೆ? ತನ್ನ ಎಲೆಯಡಿಕೆಯ ಹೊಗೆಸೊಪ್ಪು ನೆನೆಹಾಕಿ, ಸೋಪು ಕದಡಿ, ಒಂದೊಂದೇ ಎಲೆ ಹಿಡಿದು ತಿಕ್ಕಿ ತೊಳೆದರು. ಸಂಜೆ ಸೊಸೆ ಬಂದಾಗ "ನಿನ್ನ ಗಿಡ ಉಳಿಸಿದೆ ನೋಡು" ಎಂದರು.

ರಮಿತಾ ಚಪ್ಪಲಿಯನ್ನೂ ಕಳಚದೆ ಗ್ಯಾಲರಿಗೂ ಬಾಗಿಲಿಗೂ ನಡೆದಳು, ನಡೆದಳು. "ಅದು ಹುಳ ಅಲ್ಲ ಅತ್ತೆ, ಅದೇ ಬೀಜಕಣ" ಎಂದಳು ಕೊನೆಗೆ. ವಾರದೊಳಗೆ ಗಿಡ ಕಪ್ಪಾಗಿ ಸತ್ತಿತು.

ಶುರುವಾಯಿತು ಅದೇ ಬಗೆಯ ಇನ್ನೊಂದು ಗಿಡಕ್ಕಾಗಿ ಅತ್ತೆ-ಸೊಸೆಯ ಅಲೆದಾಟ. ಠಾಣೆ, ಕಲ್ಯಾಣ, ಒದ್ದೆ ಗೋಡೆ ಕಂಡಲ್ಲೆಲ್ಲ ಅಮ್ಮ ಸೀರೆ ಎತ್ತಿಕಟ್ಟಿ ಬಗ್ಗುವುದು. "ಇಲ್ಲುಂಟು, ಬೇಗ ಬಾ!" ರಮಿತಾ ಮಸೂರ ಹಿಡಿದು "ಇದು ಅದಲ್ಲ ಅತ್ತೆ" ಎನ್ನುವುದು. "ಸರಿಯಾಗಿ ನೋಡು ಮಾರಾಯ್ತಿ!" ನನಗೆ ತಲೆ ಕೆಟ್ಟುಹೋಯಿತು.

"ಯಾವುದಾದರೂ ಹತ್ತಿರದ ಕುಲದ ಗಿಡದ ಬೀಜಕಣ ತೋರಿಸಿ ಮುಗಿಸು. ಯಾರಿಗೆ ಗೊತ್ತಾಗ್ತದೆ?" ಎಂದೆ.

"ಸುಳ್ಳು ಬರೆಯುವುದಾದರೆ ನಾನು ಗೋಡೆ ಗೋಡೆ ಯಾಕೆ ಅಲೆಯಬೇಕು?" ಎಂದವಳು ನನ್ನ ಹತ್ತಿರ ಮಾತೇ ಬಿಟ್ಟಳು.

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂತು, ಗಿಡ ಸಿಗಲಿಲ್ಲ. ಆ ಅಧ್ಯಾಯ ಮೊಟಕಾಯಿತು. ಅಮ್ಮ ಹಠ ಹಿಡಿದರು: "ಆ ಗಿಡದ ಬಗ್ಗೆ ಎಂತ ಬರೆದಿದ್ದಾಳೆ? ಓದಿ ಹೇಳು." ಅವಳ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲಿದ್ದದ್ದನ್ನು ತುಳುವಿನಲ್ಲಿ ಹೇಳಿದೆ: ಕುಲ ತೀರ್ಮಾನವಾಗಿಲ್ಲ. ಬೀಜಕಣ ಬಿಡುವ ಮೊದಲೇ ಗಿಡ ಸತ್ತಿತು.

ಅಮ್ಮ ಸೊಸೆಯ ಕಡೆ ತಿರುಗಿದರು. "ಬಿಟ್ಟಿತ್ತಲ್ಲ ಮಗಾ. ನಾನು ತೊಳೆದದ್ದು. ಹಾಗೇ ಬರಿ."

ರಮಿತಾ ಆ ಸಾಲು ಅಳಿಸಿ, ಅಳುತ್ತಲೇ ಹಾಗೇ ಬರೆದಳು.