ವೈರು ಕಿತ್ತ ಮೇಲೂ ಏರಿದ ಬೆಳಕು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಎಲ್ಲೋ ಲೂಸ್ ಕನೆಕ್ಷನ್ ಇರಬೇಕು ಬಿಡಿ ಎಂದು ನಕ್ಕುಬಿಡುತ್ತಿದ್ದೆ. ನಂಜನಗೂಡಿನಲ್ಲಿ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಇಪ್ಪತ್ತು ವರ್ಷ ಕಳೆದವನು ನಾನು. ಕರೆಂಟು ಸುಳ್ಳು ಹೇಳುವುದಿಲ್ಲ ಎಂದೇ ನಂಬಿದ್ದವನು. ಆದರೆ ಆ ರಾತ್ರಿ ಅಲ್ಲಿದ್ದವನು ನಾನೇ. ನೋಡಿದ್ದೂ ನಾನೇ...

ಮೊದಲು ಸಿದ್ದರಾಜಣ್ಣನ ವಿಷಯ ಹೇಳಬೇಕು. ಹದಿನಾರು ಎಂಬ ಊರಿನವನು, ನನಗಿಂತ ಹತ್ತು ವರ್ಷ ದೊಡ್ಡವನು. ನಮ್ಮ ಕಡೆ ಊರೂರಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಲೈಟು ಬಿಡುತ್ತಿದ್ದ. ಒಂದು ಮರದ ಪೆಟ್ಟಿಗೆ, ಅದರ ಮೇಲೆ ಎಂಟು ಹಿಡಿಕೆ. ಹಿಡಿಕೆ ಎತ್ತಿದರೆ ದೀಪ ಏರುತ್ತದೆ, ಇಳಿಸಿದರೆ ಆರುತ್ತದೆ. ಅಷ್ಟೇ. ಆದರೆ ಕೊನೆಯ ದೃಶ್ಯಕ್ಕೆ ದೀಪಗಳಿಗೆ ಬಣ್ಣದ ಕಾಗದ ಕಟ್ಟಿ ಅವನು ತರುತ್ತಿದ್ದ ಬೆಳಗಿನ ಬೆಳಕಿದೆಯಲ್ಲ, ಅದನ್ನು ನೋಡಲೆಂದೇ ಜನ ತೂಕಡಿಸುತ್ತಿದ್ದ ಪಕ್ಕದವರನ್ನು ತಟ್ಟಿ ಎಬ್ಬಿಸುತ್ತಿದ್ದರು.

ನನಗೋ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಯೂಎಸ್‌ಬಿ ವೈರು, ಉಗುರಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್, ನಾಲ್ಕು ರೆಸಿಸ್ಟರು, ಮೇಲೆ ಮುಚ್ಚಲು ಸೋಪಿನ ಡಬ್ಬಿ. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸ್ಟೇಜಿನ ದೀಪಗಳೆಲ್ಲ ಲ್ಯಾಪ್‌ಟಾಪ್ ಹೇಳಿದಂತೆ ಏರಿ ಇಳಿಯುತ್ತಿದ್ದವು. ಕಂಪನಿ ಮಾಲಿನ ಮುಂದೆ ಇದರ ಖರ್ಚು ಏನೂ ಅಲ್ಲ.

ಸಿದ್ದರಾಜಣ್ಣ ಅಂಗಡಿಗೆ ಬಂದು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಚೆನ್ನಾಗದೆ ಕಣ್ಲಾ," ಎಂದ. "ಆದ್ರೆ ನಿನ್ ಬೆಳಗು ಮೆಟ್ಲು ಅತ್ಕಂಡು ಬತ್ತದೆ, ನೋಡು."

ಅವನು ಹೇಳಿದ್ದು ನಿಜ. ಕತ್ತಲೆಯಿಂದ ಏಳುವಾಗ ಬೆಳಕು ಒಂದೊಂದೇ ಮೆಟ್ಟಿಲಾಗಿ ಕುಪ್ಪಳಿಸುತ್ತಿತ್ತು. ಎಷ್ಟು ತಿಣುಕಿದರೂ ಅದನ್ನು ನಯ ಮಾಡಲು ನನ್ನಿಂದ ಆಗಲಿಲ್ಲ.

ಆದರೆ ನಾಟಕದ ಮೇನೇಜರಿಗೆ ಬೇಕಾಗಿದ್ದದ್ದು ಲ್ಯಾಪ್‌ಟಾಪು. "ಇನ್ ಸಿದ್ದರಾಜು ಯಾಕೆ ಬುಡಿ ಸಾ. ನೀವೊಬ್ರೇ ಸಾಕಲ್ವಾ?" ಎಂದ. ಇಬ್ಬರೂ ಬೇಕು ಎಂದು ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಸಾಕು," ಎಂದೆ.

ಸಿದ್ದರಾಜಣ್ಣನ ಕೆಲಸ ಹೋಯಿತು. ತಾಂಡವಪುರದ ಕಡೆ ಒಂದು ಗೋಡೌನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ನೈಟ್ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಊರಿಗೆ ಬರುವಾಗ ಲಾರಿಯೊಂದು ಸವರಿಕೊಂಡು ಹೋಯಿತು. ಅವನನ್ನು ಮಣ್ಣು ಮಾಡುವ ದಿನ ಹೋದವನು ನಾನು ರಸ್ತೆಯಲ್ಲೇ ನಿಂತೆ. ಚಟ್ಟ ಎತ್ತಿದ್ದು ಕಾಣಿಸಿತು. ಅವನ ಹೆಂಡತಿ ಮಾದೇವಕ್ಕನಿಗೆ ಮುಖ ತೋರಿಸಲಾರದೆ ಸ್ಕೂಟರ್ ತಿರುಗಿಸಿಬಿಟ್ಟೆ.

ಅದಾಗಿ ಮೂರು ತಿಂಗಳು. ತಿ. ನರಸೀಪುರದ ಪಕ್ಕದ ಒಂದು ಊರಿನಲ್ಲಿ ನಾಟಕ. ಹಿಂದಿನ ರಾತ್ರಿ ಸಮುದಾಯ ಭವನದಲ್ಲಿ ರಿಹರ್ಸಲ್ ಮುಗಿದು ಎಲ್ಲರೂ ಹೋದರು. ಪ್ರೋಗ್ರಾಂ ತಿದ್ದಲು ನಾನೊಬ್ಬನೇ ಉಳಿದೆ. ಭವನ ನೋಡಿಕೊಳ್ಳುವ ಪುಟ್ಟತಾಯಮ್ಮ ಹೊರಗೆ ಜಗಲಿಯಲ್ಲಿ ಮಲಗಿದ್ದಳು. ಕಿಟಕಿಯಿಂದ ಹೊಳೆ ಕಡೆಯ ತಣ್ಣನೆ ಗಾಳಿ, ಪಾಚಿಯ ವಾಸನೆ...

ಒಂದು ಗಂಟೆ ದಾಟಿತ್ತು. ಬೆಳಗಿನ ದೃಶ್ಯ ಓಡಿಸಿದೆ. ಅದೇ ಕುಪ್ಪಳಿಕೆ. ಬೇಸರದಿಂದ ಎಲ್ಲವನ್ನೂ ಸೊನ್ನೆಗೆ ಇಳಿಸಿ ಕತ್ತಲಲ್ಲಿ ಕುಳಿತೆ.

ಆಗ ಡಿಮ್ಮರಿನ ಸದ್ದು ಶುರುವಾಯಿತು. ದೀಪಗಳಿಗೆ ಕರೆಂಟು ಅಳೆದು ಕೊಡುವ ಪೆಟ್ಟಿಗೆ ಅದು. ದೀಪ ಏರಿದರೆ ಮಾತ್ರ ಗುಂಯ್ ಎನ್ನುತ್ತದೆ. ಲ್ಯಾಪ್‌ಟಾಪ್ ನೋಡಿದೆ... ಸೊನ್ನೆ. ಎಲ್ಲವೂ ಸೊನ್ನೆ.

ಹಿಂದಿನ ಪರದೆಯ ಬುಡದಲ್ಲಿ ಬೆಳಕು ಏಳುತ್ತಿತ್ತು. ಮೆಟ್ಟಿಲಿಲ್ಲ, ಕುಪ್ಪಳಿಕೆಯಿಲ್ಲ. ಉಕ್ಕುವ ಮುಂಚೆ ಹಾಲು ಮೇಲೇರುತ್ತದಲ್ಲ, ಹಾಗೆ. ಜೊತೆಗೆ ಬಿಸಿಯಾದ ಬಣ್ಣದ ಕಾಗದದ ವಾಸನೆ. ನಾನು ಆ ದೀಪಗಳಿಗೆ ಬಣ್ಣದ ಕಾಗದ ಕಟ್ಟಿರಲೇ ಇಲ್ಲ.

ಲ್ಯಾಪ್‌ಟಾಪಿನಿಂದ ವೈರು ಕಿತ್ತೆ. ಕಿತ್ತರೆ ಬೆಳಕು ಎಲ್ಲಿತ್ತೋ ಅಲ್ಲೇ ನಿಲ್ಲಬೇಕು, ಆ ಡಿಮ್ಮರ್ ಇರುವುದೇ ಹಾಗೆ. ಬೆಳಕು ನಿಲ್ಲಲಿಲ್ಲ. ಅರ್ಧದಲ್ಲಿ ಒಂದು ಕ್ಷಣ ತಡೆಯಿತು... ಒಂದು ಹಿಡಿಕೆ ಬಿಟ್ಟು ಕೈ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು. ಆಮೇಲೆ ಎರಡನೆಯ ದೀಪ ಬಂದು ಸೇರಿಕೊಂಡಿತು.

"ಸಿದ್ದರಾಜಣ್ಣ..." ಎಂದೆ. ತಪ್ಪಾಯಿತು ಎನ್ನಬೇಕಿತ್ತು. ಎದ್ದು ಹೋಗಿ ಮೇನ್ ಸ್ವಿಚ್ ಎಳೆದೆ. ಕತ್ತಲಾಯಿತು.

ಹೊರಗೆ ಸರಕ್... ಸರಕ್... ಎಂದು ಸದ್ದು. ಬಾಗಿಲು ತೆಗೆದೆ. ಪುಟ್ಟತಾಯಮ್ಮ ಅಂಗಳ ಗುಡಿಸುತ್ತಿದ್ದಳು.

"ಬೆಳಗಾಯ್ತು ಅಂತ ಎದ್ದೆ ಕಣಪ್ಪ. ಕಿಟ್ಕೀಲಿ ಬೆಳಕು ಮೂಡಿತ್ತು. ಈಗ್ ನೋಡುದ್ರೆ ಕತ್ಲು. ಟೈಮೆಷ್ಟಾಯ್ತಪ್ಪ?"

"ಒಂದೂಮುಕ್ಕಾಲು."

ಪೊರಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. ನಿಜವಾದ ಬೆಳಗಾಗುವವರೆಗೂ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದೆವು.

ಮರುದಿನ ಡಿಮ್ಮರ್ ಬಿಚ್ಚಿದೆ, ಡಬ್ಬಿ ಬಿಚ್ಚಿದೆ, ಮೀಟರ್ ಹಿಡಿದು ಒಂದೊಂದೇ ವೈರು ನೋಡಿದೆ. ದೋಷ ಸಿಗಲಿಲ್ಲ. ಹಾಗೆ ಮತ್ತೆಂದೂ ಆಗಿಲ್ಲ. ಆದರೂ ಕತ್ತಲಲ್ಲಿ ಡಿಮ್ಮರಿನ ಪಕ್ಕ ಒಬ್ಬನೇ ಕೂರಲು ಇವತ್ತಿಗೂ ನನ್ನಿಂದಾಗುವುದಿಲ್ಲ.

ಆ ಭಾನುವಾರ ಹದಿನಾರಿಗೆ ಹೋದೆ. ಮಾದೇವಕ್ಕ ಅಕ್ಕಿ ಕೇರುತ್ತಿದ್ದಳು. ಮೇನೇಜರ್ ಕೇಳಿದ್ದು, ನಾನು ಹೇಳಿದ್ದು, ಆ ರಾತ್ರಿ ನಡೆದದ್ದು, ಎಲ್ಲವನ್ನೂ ಹೇಳಿದೆ. ಬೈಯಲಿ ಎಂದೇ ಕಾದೆ. ಅವಳು ಮೊರ ಪಕ್ಕಕ್ಕಿಟ್ಟಳು.

"ಅಲ್ಲೀಗಂಟ ಬಂದ ನಮ್ ಯಜಮಾನ್ರು ಮನೇಗ್ಯಾಕೆ ಬರ್ನಿಲ್ಲ?" ಎಂದಳು.

ಕೋಪವಿರಲಿಲ್ಲ. ತಿಳಿಯದೆ ಕೇಳಿದಂತಿತ್ತು. ಲೈಟಿನ ವಿಷಯ ಬಲ್ಲವನು ನಾನು, ನನಗೆ ಗೊತ್ತಿರಬಹುದು ಎಂಬಂತೆ ನನ್ನನ್ನೇ ನೋಡಿದಳು.

ಎದ್ದು ಹೊರಟೆ. ಹೊಸ್ತಿಲು ದಾಟಿ ಬಾಗಿಲು ಎಳೆದುಕೊಳ್ಳಲು ಹೋದಾಗ ಒಳಗಿನಿಂದ ಮೆಲ್ಲಗೆ ಅಂದಳು:

"ಮುಚ್ಬ್ಯಾಡ ಕಣಪ್ಪ. ತಗ್ದೇ ಇರ್ಲಿ."