ಕ್ಯೂಟ್ ಬೇಬಿ ಅಲ್ಲ, ಹೆಗ್ಗಣ

ಇವತ್ತು ಗಿಣಿಗೇರಾದ ತಂಗಿಯ ಮನೆಗೆ ಕಾಲಿಟ್ಟೊಡನೆ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ತಂಗಿಯ ಮಗಳು ಬಾಣಂತಿ. ತೊಟ್ಟಿಲಿಗೆ ಬಗ್ಗಿ, "ಏನಲೇ ಹೆಗ್ಗಣ" ಅಂದೆ. ಬಾಣಂತಿ ಮುಖ ಊದಿಸಿದಳು. "ಮಾಮಾ, ಹಂಗನಬ್ಯಾಡ್ರಿ. ಕ್ಯೂಟ್ ಬೇಬಿ ಅನ್ರಿ."

ನಾನು ಚಿಕ್ಕವನಿದ್ದಾಗ, ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ನಮ್ಮ ಮನೆಯಲ್ಲೂ ಒಮ್ಮೆ ಇದೇ ಹೊಗೆ ಇತ್ತು. ಹಿಂದೆ ಎರಡು ಕೂಸು ಕಳೆದುಕೊಂಡಿದ್ದ ಅವ್ವನ ಮಗ್ಗುಲಲ್ಲಿ ಆಗಷ್ಟೇ ಹುಟ್ಟಿದ ಈ ತಂಗಿ. ಪಟ್ಟಣದಿಂದ ಬಂದ ಕಾಕಾ ಬಾಗಿಲಲ್ಲೇ ನಿಂತು, "ವೆರಿ ಬ್ಯೂಟಿಫುಲ್ ಬೇಬಿ!" ಎಂದರು. ಅವ್ವ ಗಾಬರಿಯಾಗಿ ಕೂಸಿಗೆ ಸೆರಗು ಮುಚ್ಚಿದಳು. ಅಜ್ಜಿ ಥೂ ಥೂ ಎಂದು ದೃಷ್ಟಿ ತೆಗೆದು ಕಾಕಾನಿಗೆ ಅಂದಳು:

"ನಿನ್ನ ಇಂಗ್ಲಿಷು ಚಪ್ಲಿ ಬಾಜೂಕ ಬಿಟ್ಟು ಬಾರೋ. ಚೆಂದ ಅಂದ್ರ ಕಣ್ಣು ಬೀಳತೈತಿ, ಹೆಗ್ಗಣ ಅಂದ್ರ ಬಾಳತೈತಿ!"

ಕೂಸಿಗೆ "ಹೆಗ್ಗಣ" ಅಂದ ಮೇಲೆಯೇ ಕಾಕಾನಿಗೆ ಚಹಾ ಸಿಕ್ಕಿದ್ದು.

ಇಂಗ್ಲಿಷಿನಲ್ಲಿ ಹೊಗಳಿದರೆ ದೃಷ್ಟಿ ತಾಗುವುದಿಲ್ಲವೆಂದು ಯಾರಾದರೂ ಹೊಣೆ ಹೊರಲಿ, ಆಗ ನಾನೂ ಬೇಬಿ ಅನ್ನುತ್ತೇನೆ. ಅಲ್ಲಿಯವರೆಗೆ ಇಲ್ಲ. ಮತ್ತೆ ತೊಟ್ಟಿಲಿಗೆ ಬಗ್ಗಿ, ಇನ್ನಷ್ಟು ಜೋರಾಗಿ, "ಹೆಗ್ಗಣ" ಅಂದೆ.

ಬಾಣಂತಿ ಸಿಟ್ಟಿನಿಂದ ತಾಯಿಯ ಕಡೆ ನೋಡಿದಳು. ತಂಗಿ ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟಿಡುತ್ತಾ ಅಂದಳು:

"ಅನ್ಲಿ ಬಿಡವ್ವ. ನನಗೂ ಹಂಗ ಅಂದಿದ್ರು. ನೋಡು, ಅದೀನಿ."